ಪೊರಕೆಗೆ ಅಂಜದ ಎಲೆ

ಹನ್ನೊಂದು ವರ್ಷದಿಂದ ಜ್ಞಾನಭಾರತಿ ವಿಶ್ವವಿದ್ಯಾಲಯದ ಆವರಣದಲ್ಲಿ ಒಂದು ಕಟ್ಟಡ ಗುಡಿಸುತ್ತಿರುವ ಶಂಕ್ರವ್ವನಿಗೆ ಎಲೆ ಎಣಿಸಿ ಗುಡಿಸುವ ಹಣೆಬರಹ ಬಂದದ್ದು ಕಳೆದ ಸೋಮವಾರ. ಸಂಶೋಧನೆಯ ಹುಡುಗಿ ಚೇತನಾ ಘಟ್ಟದ ಮಳೆಕಾಡಿನಿಂದ ತಂದು ಸಾಕಿದ್ದ ಪತಂಗ ತಪ್ಪಿಸಿಕೊಂಡಿತ್ತು. ಅದು ಥೇಟ್ ಒಣಗಿದ ಎಲೆಯಂತಿರುತ್ತದೆ, ರೆಕ್ಕೆ ಸುರುಳಿ ಸುತ್ತಿ, ತಲೆ ಕೆಳಗೆ ಮಾಡಿ, ಹಿಂಭಾಗ ಎತ್ತಿಕೊಂಡು ಕೂರುತ್ತದೆ, ನೋಡದೆ ಒಂದೆಲೆಯನ್ನೂ ಗುಡಿಸಬೇಡಿ ಎಂದು ಆಕೆ ಕೈಮುಗಿದು ಹೋದಳು. ಕೈಮುಗಿಯುವುದೇನೋ ಸುಲಭ. ಅಂಗಳದ ಮರಗಳಿಗೆ ಇದು ಎಲೆ ಉದುರಿಸುವ ಕಾಲ.

ಒಂದೊಂದೇ ಎಲೆ ತಿರುವಿ ನೋಡುವಷ್ಟರಲ್ಲಿ ಹತ್ತು ಗಂಟೆಯಾಗಿ, ಗುಡಿಸಿದ ಜಾಗದ ಫೋಟೊ ತೆಗೆಯಲು ಸೂಪರ್‌ವೈಸರ್ ನಾಗರಾಜು ಬಂದೇಬಿಡುತ್ತಿದ್ದ. ಮೂರು ದಿನ ಜಗಲಿಯಲ್ಲಿ ಕಸ ಕಂಡವನು, ನಾಳೆ ಒಂದೆಲೆ ಕಂಡರೂ ಮೂರಂತಸ್ತಿನ ಹಾಸ್ಟೆಲ್ ಗುಡಿಸಲು ಹಾಕುತ್ತೇನೆ ಎಂದ. ಈ ಕಟ್ಟಡಕ್ಕೆ ಮೆಟ್ಟಿಲಿಲ್ಲ. ಶಂಕ್ರವ್ವನ ಮೊಣಕಾಲಿಗೆ ಮೆಟ್ಟಿಲೆಂದರೆ ಯಮ. ಅತ್ತ ದರಿ, ಇತ್ತ ಪುಲಿ. ಇಷ್ಟು ದೊಡ್ಡ ಬೆಂಗಳೂರಲ್ಲಿ ಆ ದರಿದ್ರ ಹುಳಕ್ಕೆ ನನ್ನ ಜಗಲಿಯೇ ಬೇಕಿತ್ತೇ ಎಂದು ಅವಳಿಗೆ ಮೈಯೆಲ್ಲ ಉರಿಯಿತು.

ಶುಕ್ರವಾರ ರೋಸಿಹೋಗಿ, ನೋಡುವುದನ್ನೇ ಬಿಟ್ಟು ರಪರಪನೆ ಗುಡಿಸಿದಳು. ಎಲೆಗಳೆಲ್ಲ ಪೊರಕೆಯ ಗಾಳಿಗೇ ಮುಂದೆ ಓಡಿದವು. ಗೋಡೆಯ ಬುಡದಲ್ಲಿ ಒಂದು ಮಾತ್ರ ಅಲುಗಲಿಲ್ಲ. ಬಗ್ಗಿ ನೋಡಿದರೆ, ತಲೆ ಕೆಳಗೆ, ಹಿಂಭಾಗ ಮೇಲೆ. ಗುಡಿಸಿ ಬಿಸಾಡಿದ್ದರೆ ಕೇಳುವವರಿರಲಿಲ್ಲ. ಆದರೆ ಆ ಹುಡುಗಿಯ ಮುಗಿದ ಕೈ ನೆನಪಾಯಿತು. ಹುಳವನ್ನು ಬಾಯ್ತುಂಬ ಬೈದು, ಚೇತನಾಗೆ ಫೋನ್ ಮಾಡಿ, ಅಲ್ಲೇ ಕಾವಲು ನಿಂತಳು.

ಮೊದಲು ಬಂದವನು ನಾಗರಾಜು. ಇದೊಂದು ಎಲೆ ಯಾರಿಗೆ ಬಿಟ್ಟಿದ್ದೀಯ ಎಂದು ಕೇಳಿದ.

"ಎಲಿ ಅಲ್ರಿ ಸರ ಅದು. ಎಲಿ ಆಗಿದ್ರ ನನ್ನ ಕಸಬರಗಿಗೆ ಅಂಜತಿತ್ತು."

ನಂಬದೆ ಅವನು ಬೂಟಿನ ತುದಿ ಚಾಚಿದ. ಎಲೆ ಫಕ್ಕನೆ ಬಿಚ್ಚಿಕೊಂಡು ಕಿತ್ತಳೆ ರೆಕ್ಕೆ ತೋರಿಸಿತು. ನಾಗರಾಜು ಹಿಂದಕ್ಕೆ ಹಾರಿ ನೆಲ ಒರೆಸುವ ಬಕೆಟ್ಟಿನಲ್ಲಿ ಕೂತ. ಓಡಿ ಬಂದ ಚೇತನಾ ಪತಂಗವನ್ನು ಡಬ್ಬಿಗೆ ಹಾಕಿಕೊಂಡು, ಇಲ್ಲಿಗೆ ಇವರನ್ನು ಬಿಟ್ಟು ಇನ್ಯಾರನ್ನೂ ಹಾಕಬೇಡಿ ಎಂದು ಅವನಿಗೆ ಹೇಳಿದಳು. ಅವನು ಪ್ಯಾಂಟು ಹಿಂಡಿಕೊಳ್ಳುತ್ತ ಹೂಂ ಎಂದ. ಸದ್ಯ ಮೊಣಕಾಲು ಉಳಿಯಿತು ಎಂದು ಶಂಕ್ರವ್ವ ಉಸಿರು ಬಿಟ್ಟಳು.

"ಆಂಟಿ, ಇನ್ನೂ ಎರಡು ತಪ್ಪಿಸ್ಕೊಂಡಿವೆ," ಎಂದಳು ಚೇತನಾ ಮೆಲ್ಲಗೆ.

ಶಂಕ್ರವ್ವ ಪೊರಕೆಯನ್ನು ಆ ಹುಡುಗಿಯ ಕೈಗಿಟ್ಟು ಚಹಾ ಕುಡಿಯಲು ಹೊರಟಳು.