ಮೂಸಲು ಬಂದ ಕಾಕು

ಹೈದರಾಬಾದಿನ ವೈನ್ ಬಾರುಗಳಲ್ಲಿ ಒಂದು ಗುಟುಕೂ ಕುಡಿಯದೆ ಹೆಸರು ಮಾಡಿದವರು ಯಾರಾದರೂ ಇದ್ದರೆ ಅವರು ನಮ್ಮ ಶಾಂತಾ ಕಾಕು. ಇಳಕಲ್ ಸೀರೆ, ಕೈತುಂಬ ಹಸಿರು ಬಳೆ, ಹಣೆಯಲ್ಲಿ ದೊಡ್ಡ ಕುಂಕುಮ. ಈ ವೇಷದಲ್ಲಿ ಅವರು ಜುಬಿಲಿ ಹಿಲ್ಸಿನ ಬಾರಿನ ಮೆತ್ತನೆಯ ಸೋಫಾದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಗ್ಲಾಸನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ ಉದ್ದಕ್ಕೆ ಉಸಿರೆಳೆದುಕೊಳ್ಳುತ್ತಿದ್ದರು. ಆಮೇಲೆ ಗ್ಲಾಸನ್ನು ನನ್ನ ಕಡೆ ಸರಿಸಿ, "ಏನೂ ಇಲ್ಲ. ತಗೋ, ನೀ ಕುಡಿ" ಅನ್ನುತ್ತಿದ್ದರು. ಹೊಸ ವೇಟರ್ ಯಾರಾದರೂ ಬಂದು, "ಅಮ್ಮಾ, ಆಪ್ ಕ್ಯಾ ಲೇತೇ?" ಎಂದು ಕೇಳಿದರೆ ಉತ್ತರ ಸಿದ್ಧವಿರುತ್ತಿತ್ತು. "ಕುಛ್ ನಕ್ಕೋ ಬೇಟಾ. ಖಾಲಿ ಸೂಂಗನೇಕು ಆಯೀ." ಏನೂ ಬೇಡಪ್ಪ, ಬರೀ ಮೂಸಲು ಬಂದೆ! ಅವನು ನಗೆಚಾಟಿಕೆ ಎಂದುಕೊಂಡು ನಗುತ್ತಿದ್ದ. ಆದರೆ ಕಾಕು ಹೇಳಿದ್ದು ನೂರಕ್ಕೆ ನೂರು ನಿಜ.

ಕಾಚಿಗೂಡದಲ್ಲಿ ಅವರ ಮನೆಯ ಮೇಲಿನ ಖೋಲಿಯಲ್ಲಿ ನಾನು ಬಹಳ ವರ್ಷ ಬಾಡಿಗೆಗಿದ್ದೆ. ನಾರಾಯಣಗೂಡದ ಒಂದು ಕೋಚಿಂಗ್ ಸೆಂಟರಿನಲ್ಲಿ ರಸಾಯನಶಾಸ್ತ್ರ ಕಲಿಸುವುದು ನನ್ನ ಕೆಲಸ. ಕಾಕು ವಿಜಯಪುರದ ಕಡೆಯವರು. ಅವರ ಗಂಡ, ಅಂದರೆ ಕಾಕಾ, ರೈಲ್ವೆಯಿಂದ ನಿವೃತ್ತರಾದವರು, ಮಾತಿಗಿಂತ ಪೇಪರು ಹೆಚ್ಚು ಇಷ್ಟ. ಕಾಚಿಗೂಡದಿಂದ ಸಿಕಂದರಾಬಾದಿನವರೆಗೆ ಇರುವ ನಮ್ಮ ಉತ್ತರ ಕರ್ನಾಟಕದವರ ಮನೆಗಳಿಗೆಲ್ಲ ಮಸಾಲಿ ಖಾರದ ಪುಡಿ ಹೋಗುತ್ತಿದ್ದದ್ದು ಕಾಕುವಿನ ಒಲೆಯಿಂದ. ಒಣಮೆಣಸಿನಕಾಯಿ, ಧನಿಯಾ, ಒಣಕೊಬ್ಬರಿ, ಎಳ್ಳು, ಲವಂಗ, ಕಲ್ಲುಹೂವು, ಒಂದೊಂದನ್ನೂ ಬೇರೆಬೇರೆ ಹುರಿಯಬೇಕು. ಯಾವುದನ್ನು ಎಷ್ಟು ಹೊತ್ತು ಎಂದು ಕೇಳಿದರೆ ಅವರು ಮೂಗು ತೋರಿಸುತ್ತಿದ್ದರು. ಆ ಮೂಗು ಸಾಮಾನ್ಯದ್ದಲ್ಲ. ಕೆಳಗೆ ಜಗಲಿಯಲ್ಲಿ ಕೂತ ಕಾಕು, "ತಮ್ಮಾ, ನಿನ್ನ ಹಾಲು ತಳಾ ಹಿಡ್ಯಾಕತ್ತೈತಿ ನೋಡೋ" ಎಂದು ಕೂಗಿದ ಮೇಲೆಯೇ ಒಲೆಯ ಪಕ್ಕದಲ್ಲೇ ಕೂತಿದ್ದ ನನಗೆ ಹಾಲಿನ ನೆನಪಾಗುತ್ತಿತ್ತು.

ಅಂಥ ಮೂಗು ಒಂದು ಜ್ವರದಲ್ಲಿ ಹೋಯಿತು. ಜ್ವರ ಬಿಟ್ಟ ಮೇಲೆ ಇಂಗಿನ ಡಬ್ಬಿ ತೆರೆದರೆ ನೀರಿನ ತಂಬಿಗೆ ಮೂಸಿದಂತಾಯಿತಂತೆ. ಬೇರೆ ಯಾರಾದರೂ ಆಗಿದ್ದರೆ ಬಾಯಿಬಿಡದೆ ಕೈರೂಢಿಯ ಮೇಲೆ ಹುರಿದು ಕಳಿಸುತ್ತಿದ್ದರು. ಕಾಕು ಮಾತ್ರ ಖಾರ ಕೇಳಲು ಬಂದವರಿಗೆಲ್ಲ ಬಾಗಿಲಲ್ಲೇ, "ನನ್ನ ಮೂಗು ಕೆಟ್ಟೈತ್ರಿ, ಸರಿ ಆಗೂತನಕ ಖಾರ ಇಲ್ಲ" ಎಂದು ಹೇಳಿಬಿಟ್ಟರು. ನಿಮ್ಮ ಕೈಗೆ ಗೊತ್ತಿಲ್ಲವೇ, ಮಾಡಿ ಎಂದು ಬಂದವರು ಎಷ್ಟು ಗೋಗರೆದರೂ ಕಾಕು ಕೇಳಲಿಲ್ಲ. "ಮೂಗಿಗಿ ಬರಲಾರದ್ದು ಬಾಯಿಗಿ ಬರಬಾರದು" ಅನ್ನುವುದು ಅವರ ಮಾತು. ತಿನ್ನುವುದಕ್ಕೂ ಅದೇ, ಮಾತಾಡುವುದಕ್ಕೂ ಅದೇ. ಡಾಕ್ಟರು ದಿನಾ ಲವಂಗ, ನಿಂಬೆ, ಗುಲಾಬಿ, ನೀಲಗಿರಿ ಎಣ್ಣೆ ಮೂಸಲು ಹೇಳಿದ್ದರು. ಹೋದ ವಾಸನೆ ಹಾಗೆ ಮೂಸುತ್ತ ಮೂಸುತ್ತ ಕೆಲವರಿಗೆ ಮರಳುತ್ತದಂತೆ. ತಣ್ಣಗಿದ್ದ ಒಲೆಯ ಮುಂದೆ ಕಾಕು ನಾಲ್ಕು ಡಬ್ಬಿ ಇಟ್ಟುಕೊಂಡು ಕೂತಿರುತ್ತಿದ್ದರು.

ಅದೇ ಹೊತ್ತಿಗೆ ನನಗೆ ವೈನಿನ ಹುಚ್ಚು ಹಿಡಿದಿತ್ತು. ಮೊದಲ ಹೆಜ್ಜೆಯಲ್ಲೇ ಎಡವಿದ್ದೆ. ಇಲ್ಲಿ ಹೆಂಡದಂಗಡಿಗಳೆಲ್ಲ ಬೋರ್ಡಿನ ಮೇಲೆ 'ವೈನ್ಸ್' ಎಂದೇ ಬರೆಸಿಕೊಂಡಿರುತ್ತವೆ. ನಾನು ಅದನ್ನು ನಂಬಿ, ಗಲ್ಲಾದ ಮುಂದಿನ ಜಾಲರಿಗೆ ಜೋತುಬಿದ್ದ ಜನರ ನಡುವೆ ತೂರಿ, "ಒಂದು ಒಳ್ಳೆಯ ವೈನ್ ಕೊಡಿ" ಎಂದೆ. ಅಂಗಡಿಯವನು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಕೇಕ್ ಕೋಸಮಾ ಸಾರ್?" ಎಂದು ಕೇಳಿದ. ಕೇಕಿಗೆ ಹಾಕಲಿಕ್ಕೋ ಎಂದು! 'ವೈನ್ಸ್'ನಲ್ಲಿ ವೈನ್ ಒಂದು ಬಿಟ್ಟು ಉಳಿದದ್ದೆಲ್ಲ ಸಿಗುತ್ತದೆ ಎಂಬ ಜ್ಞಾನ ಆವತ್ತು ಬಂತು. ಆಮೇಲೆ ಬಂಜಾರಾ ಹಿಲ್ಸಿನ ಒಂದು ವೈನ್ ಬಾರಿನಲ್ಲಿ ಭಾನುವಾರ ಮಧ್ಯಾಹ್ನ ಹೊಸಬರಿಗೆ ರುಚಿ ನೋಡುವುದನ್ನು ಕಲಿಸುತ್ತಾರೆಂದು ತಿಳಿದು ಅಲ್ಲಿ ಸೇರಿಕೊಂಡೆ. ಕುಡಿಯುವ ಮೊದಲು ಮೂಸಬೇಕು, ಮೂಸಿದ್ದಕ್ಕೆ ಹೆಸರು ಹೇಳಬೇಕು.

ಇದನ್ನು ಕಾಕುವಿಗೆ ತಮಾಷೆಗೆಂದು ಹೇಳಿದರೆ ಅವರು ಎದ್ದು ಕೂತರು.

"ಮೂಸೂದು ಕಲಸ್ತಾರ? ಅಂಥಾ ಸಾಲೀನೂ ಐತೇನು? ನನ್ನೂ ಕರಕೊಂಡ ನಡಿ."

"ಕಾಕು, ಅದು ಬಾರ್ ಐತ್ರೀ."

"ಇರಲ್ಯಾಕ. ನಾಲ್ಕು ಡಬ್ಬಿ ಮೂಸಿ ಮೂಸಿ ಬ್ಯಾಸರಾಗೈತಿ. ಹೊಸಾದು ಏನರೆ ತೋರಿಸಿದ್ರ ಇದು ಎಚ್ಚರಾದೀತು" ಎಂದು ಮೂಗು ಮುಟ್ಟಿಕೊಂಡರು. ಹೊರಡುವಾಗ ಕಾಕಾಗೂ ಮುಚ್ಚಿಡಲಿಲ್ಲ. "ನಾವು ಬಾರಿಗೆ ಹೊಂಟೀವ್ರಿ" ಅಂದರು. ಕಾಕಾ ಪೇಪರಿನಿಂದ ತಲೆ ಎತ್ತದೆ, "ಬರೂ ಮುಂದ ಕೊತ್ತಂಬರಿ ತಗೊಂಬಾ" ಅಂದರು.

ಹೀಗೆ ನಮ್ಮ ಭಾನುವಾರಗಳು ಶುರುವಾದವು. ಮಧ್ಯಾಹ್ನದ ಊಟ ಮುಗಿಸಿ ಮೆಟ್ರೊ ಹತ್ತುತ್ತಿದ್ದೆವು. ಬಂಜಾರಾ ಹಿಲ್ಸಿನದು ಸಿನಿಮಾ ಟಾಕೀಸಿನಷ್ಟು ಕತ್ತಲು. ಜುಬಿಲಿ ಹಿಲ್ಸಿನದರಲ್ಲಿ ಗದ್ದಲ ಜಾಸ್ತಿ. ಸಿಕಂದರಾಬಾದಿನಲ್ಲಿ ಹಳೆಯ ಬಂಗಲೆಯೊಂದರ ಬೇವಿನ ಮರದ ಕೆಳಗೆ ಟೇಬಲು ಹಾಕಿದ್ದ ಬಾರು ಕಾಕುವಿಗೆ ಸೇರಿತು. ಅಲ್ಲಿಯ ಮ್ಯಾನೇಜರ್ ಹೆಣ್ಣುಮಗಳು ಇವರ ಕಥೆ ಕೇಳಿದ ಮೇಲೆ, ಹೊಸ ಬಾಟಲಿ ತೆರೆದಾಗಲೆಲ್ಲ ತಳದಲ್ಲಿ ಇಷ್ಟೇ ಇಷ್ಟು ಸುರಿದು ತಂದು ಇಡುತ್ತಿದ್ದಳು.

ನಾನು ಕಲಿತ ವಿದ್ಯೆಯನ್ನು ಪ್ರದರ್ಶಿಸುತ್ತಿದ್ದೆ. ಒಮ್ಮೆ ಗ್ಲಾಸು ತಿರುಗಿಸಿ, ಮೂಸಿ, "ಪ್ಲಮ್ ಹಣ್ಣು" ಎಂದೆ.

"ಯಾವಾಗರೆ ಪ್ಲಮ್ ತಿಂದೀಯೇನು?"

"ಇಲ್ರಿ."

"ಮತ್ತ ಹೆಂಗ ಗೊತ್ತಾತು?"

"ಕಲಸಾವ್ರು ಹೇಳಿದ್ರು."

"ಅವರ ಮೂಗು ಅವರಿಗಿ. ನಿನ್ನ ಮೂಗಿಗಿ ಏನ್ ಬಂತು ಹೇಳು."

ಕಣ್ಣು ಮುಚ್ಚಿ ಇನ್ನೊಮ್ಮೆ ಮೂಸಿದೆ. "ಹುಣಸಿಹಣ್ಣು ನೆನೆ ಇಟ್ಟ ನೀರು" ಎಂದೆ.

"ಹಾಂ! ಈಗ ಖರೇ ಮಾತಾಡಿದಿ."

ಅಂದಿನಿಂದ ನನ್ನ ನೋಟುಬುಕ್ಕಿನ ಭಾಷೆಯೇ ಬದಲಾಯಿತು. ಹಳೇ ಟ್ರಂಕು, ಒದ್ದೆ ಗೋಣಿಚೀಲ, ಒಣದ್ರಾಕ್ಷಿ, ಪಾಕ ಬಂದ ಬೆಲ್ಲ. ತರಗತಿಯಲ್ಲಿ ಉಳಿದವರು ನಕ್ಕರು. ಆದರೆ ಬೇರೆಯವರ ಮಾತಿಗೆ ತಲೆಯಾಡಿಸುವುದನ್ನು ಬಿಟ್ಟ ಮೇಲೆಯೇ ನನಗೆ ನಿಜವಾಗಿ ವಾಸನೆ ಹತ್ತತೊಡಗಿದ್ದು. ಕಾಕು ಮಾತ್ರ ಪ್ರತಿ ಗ್ಲಾಸಿಗೂ "ಏನೂ ಇಲ್ಲ" ಅನ್ನುತ್ತಲೇ ಇದ್ದರು. ಸುತ್ತ ಅಷ್ಟು ಜನ ಕಾಯುತ್ತಿರುವಾಗ ಏನೋ ಸ್ವಲ್ಪ ಬಂದಂತಿದೆ ಎಂದು ಅವರು ಒಮ್ಮೆಯೂ ಹೇಳಲಿಲ್ಲ.

ಏಳೆಂಟು ತಿಂಗಳ ಮೇಲೆ ಒಂದು ಭಾನುವಾರ, ಬೇವಿನ ಮರದ ಕೆಳಗೆ, ಗ್ಲಾಸು ಮೂಗಿಗೆ ತಂದ ಕಾಕು ಹಾಗೇ ತಡೆದರು. "ಏನೋ ಐತಿ." ಮ್ಯಾನೇಜರ್ ಓಡಿ ಬಂದಳು. ಕಾಕು ಮತ್ತೆ ಮೂಸಿದರು, ಮುಖ ಕಿವಿಚಿದರು. "ರಬ್ಬರ್ ಸುಟ್ಟಂಗ." ಮರಳುವ ವಾಸನೆ ಮೊದಮೊದಲು ಸೊಟ್ಟಗೆ ಬರಬಹುದೆಂದು ಡಾಕ್ಟರು ಹೇಳಿದ್ದುಂಟು. ಒಂದು ತಿಂಗಳು ಅವರಿಗೆ ಚಹಾ, ಸಾರು, ಸೋಪು ಎಲ್ಲವೂ ಸುಟ್ಟ ರಬ್ಬರೇ ಆಯಿತು. ಆಮೇಲೆ ಅದೂ ನಿಂತುಹೋಯಿತು. ಮತ್ತೆ ಬರಲೇ ಇಲ್ಲ.

ಅದು ನಿಂತ ಮೇಲೆ ಒಂದು ಭಾನುವಾರ ಮೆಟ್ರೊದಲ್ಲಿ ವಾಪಸು ಬರುವಾಗ ಕಾಕು ಕಿಟಕಿಯ ಕಡೆ ಮುಖ ಮಾಡಿಕೊಂಡು ಕೂತಿದ್ದರು. ಅತ್ತರೋ ಏನೋ, ನಾನು ನೋಡಲಿಲ್ಲ. ಇಳಿಯುವ ಹೊತ್ತಿಗೆ ತಿರುಗಿ, "ನಂದು ಹೋಗಿದ್ದು ಹೋತು ತಮ್ಮಾ. ಆದ್ರ ನಿನ್ನ ಮೂಗು ತಯಾರಾಗೈತಿ. ನಾ ಹುರೀತೀನಿ, ನೀ ಮೂಸು. ಖಾರ ಮಾಡೂಣು" ಅಂದರು.

ಯಾವ ತರಗತಿಯ ಸರ್ಟಿಫಿಕೇಟೂ ನನಗೆ ಅಷ್ಟು ಹೆಮ್ಮೆ ಕೊಟ್ಟಿರಲಿಲ್ಲ. ಮುಂದಿನ ವಾರ ಒಲೆ ಹೊತ್ತಿತು. ಕಾಕು ಸೆರಗು ಬಿಗಿದು ಸೌಟು ಹಿಡಿದರು. ಎಷ್ಟೋ ತಿಂಗಳ ಮೇಲೆ ಅವರು ಗುನುಗುವುದು ಕೇಳಿಸಿತು. ಕೊಬ್ಬರಿ ಸರಿಯಾಯಿತು, ಎಳ್ಳು ಸರಿಯಾಯಿತು. ಧನಿಯಾ ಹುರಿಯುವಾಗ ನಾನು ಆ ಗುನುಗು ಕೇಳುತ್ತ ಮೈಮರೆತೆ. ಎಚ್ಚರಾಗುವಷ್ಟರಲ್ಲಿ ವಾಸನೆಯ ಅಂಚು ಕಪ್ಪಗಾಗಿತ್ತು. ನನಗೆ ಸ್ಪಷ್ಟವಾಗಿ ಗೊತ್ತಾಯಿತು.

"ಹೆಂಗೈತಿ?" ಎಂದು ಕೇಳಿದರು. ಅವರ ಮುಖ ನೋಡಿದೆ. "ಛಲೋ ಐತ್ರಿ ಕಾಕು" ಎಂದುಬಿಟ್ಟೆ.

ಅವರು ಒಂದು ಚಿಟಿಕೆ ತೆಗೆದು ಬಾಯಿಗೆ ಹಾಕಿಕೊಂಡರು. ಮೂಗು ಹೋದರೂ ಕಹಿ ನಾಲಿಗೆಗೆ ತಿಳಿಯುತ್ತದೆ ಎಂಬುದನ್ನು ರಸಾಯನಶಾಸ್ತ್ರದ ಮಾಸ್ತರನಾದ ನಾನು ಮರೆತಿದ್ದೆ. ಸೌಟು ಕೆಳಗಿಟ್ಟರು.

"ನನ್ನ ಮೂಗು ಹೋತು. ನಿಮ್ಮ ಬಾಯಿ ಯಾಕ ಹೋತ್ರಿ, ಮಾಸ್ತರ?"

ಅಷ್ಟು ವರ್ಷಗಳಲ್ಲಿ ಅವರು ನನ್ನನ್ನು ಬಹುವಚನದಲ್ಲಿ ಮಾತಾಡಿಸಿದ್ದು ಅದೊಂದೇ ಸಲ. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಆ 'ರಿ' ನನ್ನನ್ನು ಆ ಮನೆಯಿಂದ ಹೊರಗೆ ನಿಲ್ಲಿಸಿತು. ಕಾಕು ಅಷ್ಟೂ ಧನಿಯಾವನ್ನು ಕಸದ ಡಬ್ಬಿಗೆ ಸುರಿದರು. ಎರಡು ದಿನ ಮಾತಿಲ್ಲ. ಖೋಲಿ ಬಿಡಬೇಕೇನೋ ಎಂದು ಯೋಚಿಸುತ್ತಿದ್ದೆ. ಮೂರನೆಯ ದಿನ ಬೆಳಿಗ್ಗೆ ಕೆಳಗಿನಿಂದ ಕೂಗು ಬಂತು. "ಏ ತಮ್ಮಾ, ಬಾರೋ ಲಗೂನ, ಧನಿಯಾ ಹಾಕೀನಿ!" ಚಪ್ಪಲಿ ಹಾಕಿಕೊಳ್ಳದೆ ಇಳಿದೆ. ಆಮೇಲೆ ಎರಡು ವರ್ಷ ಆ ಖಾರ ನನ್ನ ಮೂಗಿನ ಮೇಲೆ ನಡೆಯಿತು. ಹೊತ್ತಿದ್ದನ್ನು ಹೊತ್ತಿದೆ ಎಂದೆ, ಹಸಿಯಿದ್ದನ್ನು ಹಸಿಯಿದೆ ಎಂದೆ. ನಡುವೆ ಭಾನುವಾರ ಬಿಡುವಿದ್ದರೆ ಬೇವಿನ ಮರದ ಕೆಳಗೂ ಹೋಗುತ್ತಿದ್ದೆವು. ಕಾಕು ನಿಂಬೆ ಶರಬತ್ತು ಕುಡಿಯುತ್ತ ನನ್ನ ಪರೀಕ್ಷೆ ತೆಗೆದುಕೊಳ್ಳುತ್ತಿದ್ದರು.

ಕಳೆದ ವರ್ಷ ಅವರು ಹಾಸಿಗೆ ಹಿಡಿದರು. ಹೊಟ್ಟೆಯೊಳಗಿನ ಬೇನೆ. ಆಸ್ಪತ್ರೆಯವರು ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದಿದ್ದರು. ನಾನು ಆಗ ಸಿಕಂದರಾಬಾದಿಗೆ ಮನೆ ಬದಲಿಸಿದ್ದೆ. ಸುದ್ದಿ ತಿಳಿದು ಹೋದಾಗ ಮುಂದಿನ ಖೋಲಿಯಲ್ಲಿ ಮಲಗಿದ್ದರು. ಕಿಟಕಿಗಳೆಲ್ಲ ಮುಚ್ಚಿದ್ದವು. ಮೂಲೆಯಲ್ಲಿ ಊದುಬತ್ತಿ. ಕಾಕಾನನ್ನು ಚಹಾಕ್ಕೆಂದು ಒಳಗೆ ಕಳಿಸಿ, ಕಾಕು ನನ್ನ ಕೈ ಹಿಡಿದು ಹತ್ತಿರ ಎಳೆದುಕೊಂಡರು.

"ಖರೇ ಹೇಳು. ನನ್ನ ಮೈ ನಾರಾಕತ್ತೈತೇನು? ಕಾಕಾನ ಕೇಳಿದ್ರ ಇಲ್ಲಂತಾರ. ಮಗಳು ಪುಣೆದಿಂದ ಬಂದಾಳ, ಆಕೀನ ಕೇಳಿದ್ರ ಅಳ್ತಾಳ. ನಂಗ ಹೆಂಗ ತಿಳೀಬೇಕು?"

ಅವರ ಮುಖ ನೋಡಿದೆ. ಆದರೂ ಹೇಳಿದೆ. "ಹೌದ್ರಿ ಕಾಕು. ನಾರಾಕತ್ತೈತಿ."

ಅವರು ಕಣ್ಣು ಮುಚ್ಚಿ ಉಸಿರು ಬಿಟ್ಟರು. ನೋವಾಯಿತೇನೋ ಎಂದುಕೊಂಡೆ, ಇಲ್ಲ, ಮುಖ ಸಡಿಲವಾಯಿತು. "ಹಂಗಾರ ಕಿಡಕಿ ತಗಿ. ಆ ಊದಿನಕಡ್ಡಿ ಆರಿಸು. ಮಗಳಿಗೆ ಬಿಸಿನೀರು ತರಾಕ ಹೇಳು, ಮೈ ಒರಸಲಿ. ಮಂದಿ ಬರೂ ಹೊತ್ತಾತು."

ಮಗಳು ಮೈ ಒರೆಸಿ, ಸೀರೆ ಬದಲಿಸಿ, ಹಾಸಿಗೆ ಬದಲಿಸುವ ತನಕ ಹೊರಗೆ ಕೂತಿದ್ದೆ. ಅದು ನಮ್ಮ ಕೊನೆಯ ಭೇಟಿಯೆಂದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿದ್ದಿರಬೇಕು. ಎಂಟನೆಯ ದಿನ ಕಾಕು ಹೋದರು. ಆದರೆ ಆ ಭೇಟಿಯ ದಿನ ಸಂಜೆ, ಹೊರಡುವ ಮುಂಚೆ ನಾನು ಒಳಗೆ ಹೋದಾಗ, ಕಣ್ಣು ತೆರೆದು ಕೇಳಿದರು.

"ಈಗ?"

ಉಸಿರೆಳೆದುಕೊಂಡು ನೋಡಿದೆ.

"ಕಡಿಮಿ ಆಗೈತ್ರಿ. ಪೂರ್ತಿ ಹೋಗಿಲ್ಲ."

"ಶಾಣ್ಯಾ ಆದಿ" ಎಂದು ಕಾಕು ನನ್ನ ಕೈ ತಟ್ಟಿದರು.