ನಿಂತುಹೋಗುತ್ತಿದ್ದ ಬೋರ್ಡು

ಮಧುಗಿರಿಯಲ್ಲಿ ನನ್ನ ಟೈಪಿಂಗ್ ಶಾಲೆಗೆ ಹೆಣ್ಣುಮಕ್ಕಳನ್ನು ಕಳಿಸಲು ಯಾವ ತಂದೆಯೂ ಹಿಂದೆಮುಂದೆ ನೋಡುತ್ತಿರಲಿಲ್ಲ. ಅದಕ್ಕೆ ಕಾರಣ ನನ್ನ ಪಾಠವಲ್ಲ, ನನ್ನ ಗಂಟೆ. ಒಂದು ಗಂಟೆ ಹೊಡೆದರೆ ಎಲ್ಲರೂ ಒಳಗೆ, ಇನ್ನೊಂದು ಹೊಡೆದರೆ ಕೈ ಎತ್ತಿ, ಯಂತ್ರಕ್ಕೆ ಹೊದಿಕೆ ಹಾಕಿ, ಸಾಲಾಗಿ ಹೊರಗೆ. ಸೈನ್ಯದಲ್ಲಿ ಹವಾಲ್ದಾರನಾಗಿ ವರ್ಷಗಟ್ಟಲೆ ತಂತಿ ಸಂದೇಶ ಕುಟ್ಟಿದವನು ನಾನು. ಎಪ್ಪತ್ತರ ದಶಕದಲ್ಲಿ ಊರಿಗೆ ಮರಳಿ ಶಾಲೆ ತೆರೆದಾಗ ಆ ಬದುಕಿನಿಂದ ಜೊತೆಗೆ ತಂದದ್ದು ಗಡಿಯಾರ ನೋಡಿ ಉಸಿರಾಡುವ ಅಭ್ಯಾಸ ಮತ್ತು ಖಾಕಿ ಡ್ರಿಲ್ ಎಂಬ ದಪ್ಪ ಹತ್ತಿ ಬಟ್ಟೆಯ ಪ್ಯಾಂಟುಗಳು. ಆ ಪ್ಯಾಂಟುಗಳು ಹರಿದಾಗ ಅದೇ ಬಟ್ಟೆಯಲ್ಲಿ ಮತ್ತೆ ಹೊಲಿಸಿಕೊಂಡೆನೇ ಹೊರತು ಬೇರೆಯದನ್ನು ತೊಡಲಿಲ್ಲ. ಈ ಸಂಗತಿಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು.

ಶಾಲೆ ಇದ್ದದ್ದು ಮಹಡಿಯ ಮೇಲೆ. ಕೆಳಗೆ ಕಟ್ಟಡದ ಯಜಮಾನರ ಕಡಲೆಕಾಯಿ ಮಂಡಿ. ಊರಾಚೆ ಅವರದೇ ಎಣ್ಣೆ ಗಾಣವೂ ಇತ್ತು. ಶಾಲೆ ಶುರುವಾದ ವಾರದಲ್ಲೇ ಅವರು ಮೆಟ್ಟಿಲು ಹತ್ತಿ ಬಂದರು.

"ಹವಾಲ್ದಾರ್ರೇ, ಏನ್ ಮ್ಯಾಗಡೆ ರಾಗಿ ಕುಟ್ತಿದ್ದೀರಾ? ಕೆಳಗೆ ವ್ಯಾಪಾರದ ಮಾತೇ ಕೇಳಾಕಿಲ್ವಲ್ರೀ."

ಮುಂದಿನ ಮಂಗಳವಾರ ನಾನು ಸಿರಾಕ್ಕೆ ಹೋಗಿ ಸಂತೆಯಲ್ಲಿ ಒಳ್ಳೆಯ ಕರಿ ಕಂಬಳಿಗಳನ್ನು ಆರಿಸಿ ತಂದೆ. ಚೌಕವಾಗಿ ಕತ್ತರಿಸಿ ಪ್ರತಿ ಟೈಪ್‌ರೈಟರಿನ ಕೆಳಗೂ ಹಾಸಿದೆ. ಸದ್ದು ಅರ್ಧ ಇಳಿಯಿತು. ಉಳಿದ ತುಂಡುಗಳನ್ನು ವ್ಯರ್ಥ ಮಾಡುವುದೇಕೆಂದು ಕುರ್ಚಿಗಳ ಮೇಲೂ ಹೊಲಿಸಿದೆ. ಅಂದಿನಿಂದ ನನ್ನ ಶಾಲೆಯಲ್ಲಿ ಬರಿ ಮರದ ಮೇಲೆ ಯಂತ್ರವೂ ಕೂರುತ್ತಿರಲಿಲ್ಲ, ಮನುಷ್ಯರೂ ಕೂರುತ್ತಿರಲಿಲ್ಲ. ನೋಡಲು ಬಂದವರೆಲ್ಲ ಈ ಏರ್ಪಾಟನ್ನು ಹೊಗಳಿಯೇ ಹೋಗುತ್ತಿದ್ದರು.

ಎಂಬತ್ತರ ದಶಕ ಮುಗಿಯುತ್ತ ಬಂದಾಗ ಕಂಪ್ಯೂಟರಿನ ಮಾತು ನಮ್ಮ ಬಸ್ ನಿಲ್ದಾಣದವರೆಗೂ ಬಂತು. ಹುಡುಗರು ತುಮಕೂರಿಗೆ ಹೋಗಿ ಕಲಿಯತೊಡಗಿದರು. ಹುಡುಗಿಯರನ್ನು ಅಷ್ಟು ದೂರ ಯಾರೂ ಕಳಿಸಲಿಲ್ಲ. ಆಗ ಮುಂದೆ ಬಂದವರು ನಮ್ಮ ಟೀಚರ್. ಪಾವಗಡದ ಕಡೆಯವರು. ನನ್ನಲ್ಲೇ ಕಲಿತು, ನನ್ನಲ್ಲೇ ಕಲಿಸಲು ನಿಂತವರು. ಬೆರಳು ಬಲು ಚುರುಕು, ನಾಲಿಗೆ ಅದಕ್ಕಿಂತ ಚುರುಕು. ಸಿಟ್ಟು ಬಂದರೆ ಅರ್ಧ ತೆಲುಗು. ಬೆಂಗಳೂರಿನಲ್ಲಿ ಕಂಪ್ಯೂಟರ್ ತರಬೇತಿ ಮುಗಿಸಿ ಬಂದ ಕೂಡಲೇ ತುಮಕೂರಿನ ಕಾರ್ಖಾನೆಯೊಂದು ಅವರನ್ನು ಆಫೀಸಿನ ಕೆಲಸಕ್ಕೆ ಕರೆಯಿತು. ಅವರು ಒಲ್ಲೆ ಎಂದರು.

"ಯಾಕಮ್ಮ? ಕಾಯಂ ಕೆಲಸ ಅದು," ಎಂದೆ.

"ಯುಗಾದಿ ಆದ್ಮೇಲೆ ಕಂಪ್ಯೂಟರ್ ಕ್ಲಾಸು ಅಂತ ಹುಡುಗೀರ ಮನೆಮನೆಗೂ ಹೋಗಿ ಹೇಳಿ ಬಂದಿದ್ದೀನಿ ಸಾರ್. ಈಗ ನಾನೇ ಬಸ್ ಹತ್ತಿದ್ರೆ ಅವ್ರು ಏನಂತಾರೆ?"

ಹೀಗೆ ಅವರ ಮಾತು, ಅವರ ಅನ್ನ ಎರಡೂ ನಾವು ಇನ್ನೂ ಕೊಳ್ಳದ ಒಂದು ಯಂತ್ರದ ಮೇಲೆ ನಿಂತವು.

ನಮಗೆ ಬೇಕಿದ್ದದ್ದು ಒಂದು ದೊಡ್ಡ ಪೆಟ್ಟಿಗೆ, ಅದಕ್ಕೆ ತಂತಿಯಿಂದ ಜೋಡಿಸಿದ ಮೂರು ಪರದೆ, ಮೂರು ಕೀಲಿಮಣೆ. ಬುದ್ಧಿಯೆಲ್ಲ ಪೆಟ್ಟಿಗೆಯಲ್ಲಿ, ಪರದೆಗಳು ಅದು ಬಡಿಸಿದ್ದನ್ನು ಉಣ್ಣುವಂಥವು. ಈಗಿನವರು ಅಂಥ ಪೆಟ್ಟಿಗೆಯನ್ನು ಸರ್ವರ್ ಎನ್ನುತ್ತಾರೆ. ಅದರೊಳಗೆ ಊಟದ ಎಲೆಯಷ್ಟು ಅಗಲದ ಒಂದು ಹಸಿರು ಹಲಗೆ, ಮದರ್‌ಬೋರ್ಡು. ಅದು ಕೈಕೊಟ್ಟರೆ ಮೂರು ಪರದೆಯೂ ಒಟ್ಟಿಗೆ ಕತ್ತಲು. ಆದ್ದರಿಂದ ಮಿಕ್ಕಿದ್ದೆಲ್ಲವನ್ನೂ ಬೆಂಗಳೂರಿನ ಅಂಗಡಿಯವರಿಗೆ ಬಿಟ್ಟು, ಬೋರ್ಡನ್ನು ಆರಿಸಲು ಮಾತ್ರ ಟೀಚರನ್ನು ಕರೆದುಕೊಂಡು ನಾನೇ ಹೋದೆ.

ಅಂಗಡಿಯವರು ಮೇಜಿನ ಮೇಲೆ ಎರಡು ಬೋರ್ಡು ಇಟ್ಟರು. ಒಂದು ಹೊಸದು, ಚಿಕ್ಕದು, ಚುರುಕಿನದು. ಇನ್ನೊಂದು ಹಳೆಯ ಮಾದರಿ, ಅಗಲ, ಮೈತುಂಬ ಕಪ್ಪು ಚಿಪ್ಪುಗಳು.

"ಇದು ಓಡುತ್ತೆ, ಅದು ನಡೆಯುತ್ತೆ," ಎಂದರು.

"ಓಟ ಇರಲಿ. ತಪ್ಪಾದರೆ ಯಾವುದು ಏನು ಮಾಡುತ್ತೆ?" ಎಂದು ಕೇಳಿದೆ. ಸಂದೇಶ ಕುಟ್ಟುವವನ ಮೊದಲ ಪ್ರಶ್ನೆ ಅದೇ.

ಅವರು ಅಗಲದ ಬೋರ್ಡನ್ನು ಎತ್ತಿ ಹಿಡಿದರು. "ಹಳೇದಕ್ಕೆ ತನ್ನ ನೆನಪನ್ನ ತಾನೇ ಪರೀಕ್ಷೆ ಮಾಡ್ಕೊಳ್ಳೋ ಚಿಪ್ಪುಗಳಿವೆ ಸಾರ್. ಒಂದು ಅಕ್ಷರ ಏರುಪೇರಾದ್ರೂ ಗೊತ್ತಾಗಿ ಅಲ್ಲೇ ನಿಂತುಬಿಡುತ್ತೆ. ಹೊಸದ್ರಲ್ಲಿ ಆ ಚಿಪ್ಪಿಲ್ಲ, ಅದು ನಿಲ್ಲೋದಕ್ಕೆ ಹೋಗಲ್ಲ."

ನಾನು ಹಳೆಯದರ ಕಡೆ ವಾಲಿದೆ, ಟೀಚರ್ ಹೊಸದರ ಕಡೆ. ಅಂಗಡಿಯವರು ಜಾಣರು. ಎರಡನ್ನೂ ಕೊಟ್ಟು, ಹಬ್ಬದೊಳಗೆ ಓಡಿಸಿ ನೋಡಿ, ಒಪ್ಪದ್ದನ್ನು ಹಿಂದಕ್ಕೆ ತನ್ನಿ ಎಂದು ಕಳಿಸಿದರು.

ಶಿವರಾತ್ರಿ ಕಳೆದಿತ್ತು. ಮಧುಗಿರಿಯ ಬಂಡೆ ಕಾದು, ಗಾಳಿಯಲ್ಲಿ ಹನಿ ನೀರಿನ ಪಸೆಯೂ ಇರಲಿಲ್ಲ. ಮೊದಲು ಹಳೆಯ ಬೋರ್ಡನ್ನು ಹಾಕಿ, ಪೆಟ್ಟಿಗೆಯನ್ನು ಶಾಸ್ತ್ರೋಕ್ತವಾಗಿ ಕಂಬಳಿಯ ಮೇಲೆ ಕೂರಿಸಿದೆವು. ಬೆಳಗಿನ ಸರದಿ ನನ್ನದು. ಒಂದು ಪುಟ ಬೆರಳಚ್ಚಿಸುವುದು, ಉಳಿಸುವುದು, ತೆಗೆಯುವುದು, ಮತ್ತೆ ಮೊದಲಿನಿಂದ. ಬೋರ್ಡು ಒಮ್ಮೆಯೂ ತಡವರಿಸಲಿಲ್ಲ. ನಾನು ಎದ್ದು ಟೀಚರನ್ನು ಕೂರಿಸಿದೆ. ಅವರು ಒಂದು ಸಲ ಎದ್ದು ಹೋಗಿ ಬಂದು ಕೀಲಿಮಣೆ ಮುಟ್ಟಿದರೋ ಇಲ್ಲವೋ, ಪರದೆಯಲ್ಲಿ ನೆನಪು ತಪ್ಪಿದೆ ಎಂಬ ಇಂಗ್ಲಿಷಿನ ಒಂದು ಸಾಲು ಮೂಡಿ ಎಲ್ಲವೂ ಸ್ತಬ್ಧ. ಆರಿಸಿ ಹೊತ್ತಿಸಿದೆವು. ನಾನು ಕೂತರೆ ಓಡಿತು, ಅವರು ಕೂತರೆ ನಿಂತಿತು. ಮರುದಿನವೂ ಅದೇ ಕಥೆ.

ನೋಡಲು ಬಂದ ಯಜಮಾನರು ಗೋಡೆಗೆ ಒರಗಿ ತೀರ್ಪು ಕೊಟ್ಟರು.

"ಇದು ಹೆಂಗಸರ ಕೈಗೆ ಒಗ್ಗಾಕಿಲ್ಲ ಬುಡಿ ಹವಾಲ್ದಾರ್ರೇ. ತುಮಕೂರಿಂದ ಯಾರಾನ ಗಂಡು ಮೇಷ್ಟ್ರನ್ನ ಕರ್ಕಂಬನ್ನಿ. ಗಂಡು ಮೇಷ್ಟ್ರು ಅಂದ್ರೆ ನನ್ ಮಗಳನ್ನ ನಾನು ಕಳ್ಸಾಕಿಲ್ಲ, ಅದು ಬ್ಯಾರೆ ಮಾತು."

"ಹೋದ ವರ್ಷ ನಿಮ್ಮ ಎಣ್ಣೆ ಗಾಣ ಸುಗ್ಗೀಲೇ ನಿಂತೋಗಿತ್ತಲ್ಲಣ್ಣ," ಎಂದರು ಟೀಚರ್, ತಲೆ ಎತ್ತದೆ. "ಅದನ್ನ ಯಾವ ಹೆಂಗ್ಸು ಮುಟ್ಟಿದ್ಳು?"

ಬಾಗಿಲಲ್ಲಿ ನಿಂತಿದ್ದ ಯಜಮಾನರ ಮಗಳು ಕಿಸಕ್ಕನೆ ನಕ್ಕಳು. ಯಜಮಾನರೂ ನಕ್ಕರು. ಆದರೆ ಅವರ ತೀರ್ಪು ಮಂಡಿಯಿಂದ ಹೋಟೆಲಿಗೆ, ಹೋಟೆಲಿನಿಂದ ಮನೆಗಳಿಗೆ ನಡೆಯಿತು. ಒಬ್ಬ ಹುಡುಗಿಯ ತಂದೆ ಬಂದು, ಈ ವರ್ಷ ಬೇಡ ಬಿಡಿ ಎಂದು ಹೇಳಿ ಹೋದರು. ಟೀಚರ್ ಆ ದಿನ ಊಟದ ಡಬ್ಬಿ ಬಿಚ್ಚಲಿಲ್ಲ.

ಬೋರ್ಡು ಬದಲಿಸಿದೆವು. ಹೊಸದು ನಿಲ್ಲಲಿಲ್ಲ! ನಾನು ಕೂತರೂ ಓಡಿತು, ಅವರು ಕೂತರೂ ಓಡಿತು, ಯಜಮಾನರ ಮಗಳನ್ನು ಕೂರಿಸಿದರೂ ಓಡಿತು. ಯಜಮಾನರೇ ಸುದ್ದಿ ತಿರುಗಿಸಿದರು. "ಮಿಸಿನ್ನೇ ಸರಿ ಇರ್ನಿಲ್ಲ ಕಣ್ರೀ, ಟೀಚರಮ್ಮಂದೇನೂ ಇಲ್ಲ," ಎಂದು ಅವರೇ ಸಾರಿದರು. ಹಳೆಯ ಬೋರ್ಡನ್ನು ಡಬ್ಬಕ್ಕೆ ಹಾಕಿ, ಬೆಂಗಳೂರಿಗೆ ಹಿಂದಿರುಗಿಸಲು ಬಾಗಿಲ ಬಳಿ ಇಟ್ಟೆ. ಆ ಸಂಜೆ ಗಂಟೆಯನ್ನು ತುಸು ಜೋರಾಗಿಯೇ ಹೊಡೆದೆನೆಂದು ತೋರುತ್ತದೆ.

ನಮ್ಮ ಶಾಲೆಯಲ್ಲಿ ಒಂದು ಪದ್ಧತಿ ಇತ್ತು. ಬೆರಳಚ್ಚಿಸಿದ ಹಾಳೆಯನ್ನು ಹಾಗೇ ಒಪ್ಪಿಸುವಂತಿಲ್ಲ. ಒಬ್ಬರು ಮೂಲವನ್ನು ಓದಬೇಕು, ಇನ್ನೊಬ್ಬರು ಅಚ್ಚನ್ನು ಬೆರಳಿಟ್ಟು ನೋಡಬೇಕು. ಟೀಚರ್ ಹೊಸ ಬೋರ್ಡಿನಲ್ಲಿ ಎರಡು ದಿನ ಉಳಿಸಿದ್ದ ಪಾಠಗಳನ್ನೆಲ್ಲ ತೆಗೆದು, ಯಜಮಾನರ ಮಗಳಿಂದ ಮೂಲ ಓದಿಸಿ ಪರದೆಯ ಮೇಲೆ ಬೆರಳಿಟ್ಟು ನೋಡಿದರು. ಆಮೇಲೆ ನನ್ನನ್ನು ಕರೆದರು. ಒಂದು ವ್ಯವಹಾರ ಪತ್ರದ ನಡುವೆ ಎರಡು ಅಕ್ಷರ ಬೇರೆಯಾಗಿದ್ದವು. ಇನ್ನೊಂದರಲ್ಲಿ ಒಂದು ಸಾಲಿನ ಬಾಲ ಕಸವಾಗಿತ್ತು.

"ಕೈತಪ್ಪಿರಬೇಕಮ್ಮ," ಎಂದೆ.

"ಏಮಿ ಸಾರ್ ಇದಿ! ನನ್ ಬೆರಳ ಮೇಲೇ ಅನುಮಾನಮಾ?" ತೆಲುಗು ಬಂದುಬಿಟ್ಟಿತ್ತು. ಅವರ ಬೆರಳು ಅಂಥ ತಪ್ಪು ಮಾಡುವುದಿಲ್ಲವೆಂದು ನನಗಿಂತ ಚೆನ್ನಾಗಿ ಬಲ್ಲವರು ಯಾರು?

ಯಂತ್ರ ಆರಿಸಿ ಅವರು ಹೇಳಿದರು: "ಹಳೇದನ್ನೇ ವಾಪಸ್ ಹಾಕೋಣ ಸಾರ್."

"ಅದು ನಿನ್ನ ಕೈಯಲ್ಲಿ ನಿಲ್ಲುತ್ತಲ್ಲಮ್ಮ. ಊರೆಲ್ಲ ಮತ್ತೆ ಶುರು ಮಾಡ್ತಾರೆ. ಹಬ್ಬಕ್ಕೆ ವಾರ ಉಳಿದಿಲ್ಲ."

"ನಿಂತ್ರೆ ನನ್ನನ್ನ ಬೈತಾರೆ, ಬೈಲಿ. ಇದು ತಪ್ಪು ಬರ್ಕೊಂಡು ಮುಗುಮ್ಮಾಗಿ ಕೂತಿರ್ತದೆ. ನಾಳೆ ಹುಡುಗೀರು ಅದನ್ನೇ ಸರಿ ಅನ್ಕೊಂತಾರಲ್ಲ ಸಾರ್. ಇಂಥದ್ರಲ್ಲಿ ನಾನು ಏನಂತ ಪಾಠ ಹೇಳ್ಲಿ?"

ಹೊಸದನ್ನು ಒಪ್ಪಿದ್ದರೆ ಅವರ ಮೇಲಿನ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಹಳೆಯ ಬೋರ್ಡನ್ನು ಪೆಟ್ಟಿಗೆಯಲ್ಲಿ ಮತ್ತೆ ಕೂರಿಸಿದವರೂ ಅವರೇ, ತಿರುಪು ಬಿಗಿದವರೂ ಅವರೇ. ಆಮೇಲೆ ಕೂತರು. ಅದು ನಿಂತಿತು.

ಹಬ್ಬದ ಹಿಂದಿನ ಭಾನುವಾರ ಕೊರಟಗೆರೆಯಲ್ಲಿ ನಮ್ಮ ಹತ್ತಿರದವರ ಮನೆಯಲ್ಲಿ ನಾಮಕರಣ. ಹೊರಡುವಾಗ ನನ್ನ ಹೆಂಡತಿ ಖಾಕಿ ಪ್ಯಾಂಟನ್ನು ಬಚ್ಚಿಟ್ಟು, ಅಳಿಯ ಕೊಡಿಸಿದ್ದ, ನೈಲಾನಿನಂತೆ ನುಣುಪಾದ ಟೆರಿಲಿನ್ ಪ್ಯಾಂಟನ್ನು ಮುಂದೆ ಹಿಡಿದಳು. "ಒಂದಿನನಾದ್ರೂ ಮನುಷ್ಯರ ಥರ ಬನ್ನಿ. ಅವ್ರ ಮನೇಗೆ ನೀವು ಪೆರೇಡಿಗೇನೂ ಹೋಗ್ತಿಲ್ಲ." ತೊಟ್ಟೆ. ಹೋಳಿಗೆ ಊಟ ಮುಗಿಸಿ ಬಸ್ಸಿಳಿದಾಗ ಸಂಜೆಯ ಸರದಿಯ ಹೊತ್ತು. ಮನೆಗೆ ಹೋಗಿ ಬಟ್ಟೆ ಬದಲಿಸಿದರೆ ತಡವಾಗುತ್ತಿತ್ತು. ನೇರ ಶಾಲೆಗೆ ಬಂದು, ಕುರ್ಚಿಯಲ್ಲಿ ಕೂತು ಯಂತ್ರ ಹೊತ್ತಿಸಿ ಪುಟ ತೆಗೆದೆ. ಎದ್ದು ಹೋಗಿ ಕಿಟಕಿ ಹಾಕಿ ಬಂದು ಪೆಟ್ಟಿಗೆಯ ಮೇಲೆ ಕೈಯಿಟ್ಟೆ.

ಚಟ್!

ಬೆರಳಿಗೆ ಇರುವೆ ಕಚ್ಚಿದಂತಾಯಿತು. ಪರದೆಯಲ್ಲಿ ಅದೇ ಸಾಲು. ಎಲ್ಲವೂ ಸ್ತಬ್ಧ.

ಟೀಚರ್ ಬಾಯಿಗೆ ಸೆರಗು ಹಿಡಿದುಕೊಂಡರು. "ಸಾರ್! ನಿಮ್ ಕೈನೂ ಒಗ್ಗಲಿಲ್ಲ!"

ನಗು ನಿಲ್ಲುತ್ತಿದ್ದಂತೆ ಅವರ ಕಣ್ಣು ನನ್ನ ಪ್ಯಾಂಟಿನ ಮೇಲೆ ನಿಂತಿತು. ಆಮೇಲೆ ತಮ್ಮ ನೈಲಾನ್ ಸೀರೆಯ ಮೇಲೆ. ಆಮೇಲೆ ಕುರ್ಚಿಯ ಮೇಲೆ. ಉಳಿದ ಕಿಟಕಿಗಳನ್ನೂ ಮುಚ್ಚಿ, ಕುರ್ಚಿಯ ಕಂಬಳಿಗೆ ಸೆರಗನ್ನು ಬಲವಾಗಿ ಉಜ್ಜಿ ಸರ್ರನೆ ಎಳೆದರು. ಮಬ್ಬಿನಲ್ಲಿ ಚಿಟಿಚಿಟಿ ಕಿಡಿ.

"ಚಿಕ್ಕೋರಿದ್ದಾಗ ಕಂಬ್ಳಿ ಒಳಗೆ ನಕ್ಷತ್ರ ಅಯ್ತೆ ಅಂತ ನಮ್ಮಜ್ಜಿ ತೋರಿಸ್ತಿದ್ಳು ಸಾರ್. ಬೇಸಿಗೇಲಿ ಜಾಸ್ತಿ. ಬೆಂಗಳೂರಲ್ಲೂ ಪೆಟ್ಟಿಗೆ ಬಿಚ್ಚೋ ಮೊದ್ಲು ಕಬ್ಬಿಣ ಮುಟ್ಟಿ ಅಂತಿದ್ರು. ಅದೇನೋ ಹೊಸ್ತಿಲು ಮುಟ್ಟಿ ನಮಸ್ಕಾರ ಮಾಡ್ದಂಗೆ ಶಾಸ್ತ್ರ ಅನ್ಕೊಂಡಿದ್ದೆ. ಈ ಕಿಡೀನೇ ನಮ್ ಕೈಯಿಂದ ಬೋರ್ಡಿಗೆ ಹಾರ್ತಿರ್ಬೇಕು."

ಊಹೆಯಿಂದ ನನಗೆ ತೃಪ್ತಿಯಾಗುವುದಿಲ್ಲ. ಮರುದಿನ ಅವರು ಹತ್ತಿಯ ಸೀರೆ ಉಟ್ಟು ಬಂದರು. ಬೆಳಗಿನಿಂದ ಮಧ್ಯಾಹ್ನದವರೆಗೆ ಬೋರ್ಡು ಕಮಕ್ ಕಿಮಕ್ ಎನ್ನಲಿಲ್ಲ. ನಾನು ಮತ್ತೆ ಟೆರಿಲಿನ್ ತೊಟ್ಟು ಕೂತೆ, ನಿಂತಿತು. ಹೆಂಡತಿಗೆ ಮಾತ್ರ ನಾನು ಆ ಪ್ಯಾಂಟನ್ನು ಎರಡನೆಯ ದಿನವೂ ಕೇಳಿ ತೊಟ್ಟದ್ದು ಭಾರಿ ಸಂತೋಷ. ಕಾರಣವನ್ನು ನಾನು ಹೇಳಲಿಲ್ಲ. ಸಂಜೆ ಕುರ್ಚಿಗಳ ಕಂಬಳಿ ಕಿತ್ತೆವು, ಪೆಟ್ಟಿಗೆಯ ಕೆಳಗಿನದನ್ನೂ ಎಳೆದೆವು. ಹಿತ್ತಲಲ್ಲಿ ಗುಂಡಿ ತೋಡಿಸಿ, ಇದ್ದಿಲು ಉಪ್ಪು ತುಂಬಿಸಿ, ಪೆಟ್ಟಿಗೆಗೂ ಕಿಟಕಿಯ ಕಬ್ಬಿಣದ ಸರಳಿಗೂ, ಕರೆಂಟನ್ನು ನೆಲಕ್ಕಿಳಿಸುವ ಅರ್ಥಿಂಗ್ ತಂತಿ ಎಳೆಸಿದೆ. ಈಗ ನೈಲಾನ್ ಉಟ್ಟು, ಸರಳು ಮುಟ್ಟಿ, ಬರಿ ಮರದ ಮೇಲೆ ಟೀಚರ್ ಕೂತರು. ಬೋರ್ಡು ಓಡಿತು. ಓಡುತ್ತಲೇ ಇತ್ತು.

ಯಜಮಾನರನ್ನು ಕರೆಸಬೇಕೆಂದು ಟೀಚರ್ ಹಟ ಹಿಡಿದರು. ಅದಕ್ಕೆಂದೇ ಒಂದು ಕುರ್ಚಿಯ ಕಂಬಳಿಯನ್ನು ಕೀಳದೆ ಉಳಿಸಿಕೊಂಡಿದ್ದರು. ಅದರ ಮೇಲೆ ಕೂತಿದ್ದ ಟೀಚರ್ ಎದ್ದು, ಯಜಮಾನರು ಒಳಗೆ ಬರುತ್ತಿದ್ದಂತೆ ಶಾಲೆಯ ಬೀಗದ ಕೈಯನ್ನು ವಿನಯದಿಂದ ಮುಂದೆ ಹಿಡಿದರು.

"ಅಣ್ಣ, ಇದನ್ನ ಸ್ವಲ್ಪ ಹಿಡ್ಕೊಳ್ಳಿ."

ಚಟ್! ಬೀಗದ ಕೈ ನೆಲಕ್ಕೆ ಬಿತ್ತು.

"ಅಯ್ಯಯ್ಯಪ್ಪ! ಏನಮ್ಮ ಇದು, ಮೈಯಾಗೆ ಕರೆಂಟ್ ಸಾಕ್ಕಂಡಿದ್ದೀಯಾ?"

"ನಾನಲ್ಲಣ್ಣ, ಕಂಬ್ಳಿ. ಮೇಲೆ ರಾಗಿ ಕುಟ್ತಾರೆ ಅಂತ ನೀವೇ ಹಾಕ್ಸಿದ್ರಲ್ಲ, ಅದು. ಇಷ್ಟು ದಿನ ಮಿಸಿನ್ನು ನಿಲ್ತಿದ್ದಿದ್ದು ಹೆಂಗಸರ ಕೈಗಲ್ಲ, ನಿಮ್ಮ ಕಂಬ್ಳಿಗೆ."

ಅವರು ಬೆರಳು ಉಜ್ಜಿಕೊಳ್ಳುತ್ತ ನನ್ನನ್ನು ನೋಡಿದರು. ನಾನು ತಲೆಯಾಡಿಸಿದೆ. ಮಗಳು ನಗು ತಡೆಯಲಾರದೆ ಮೆಟ್ಟಿಲಿಗೆ ಓಡಿದಳು. "ಲೇ, ಎಲ್ಲಿಗೆ ಓಡ್ತೀಯ?" ಎಂದು ಯಜಮಾನರು ಕೂಗಿದರು. "ಹಬ್ಬ ಆದ್ಮ್ಯಾಲೆ ಕಲಿಯೋಕೆ ಬಾ. ಇಂಥವ್ರ ತಾವ ಕಲಿಯೋದೇ ವಾಸಿ." ಬೇಡವೆಂದು ಹೋಗಿದ್ದ ಆ ತಂದೆಯ ಮನೆಗೂ ಅವರೇ ಹೋಗಿ ಮಾತಾಡಿ ಬಂದರು.

ಹೊಸ ಬೋರ್ಡನ್ನು ಹಿಂದಿರುಗಿಸಿದಾಗ ಅಂಗಡಿಯವರು ಹುಬ್ಬೇರಿಸಿದರು. "ಓಡೋದನ್ನ ವಾಪಸ್ ಕೊಟ್ಟು ನಿಲ್ಲೋದನ್ನ ಇಟ್ಕೊಂಡ್ರಾ ಸಾರ್?" ಅದೂ ಅದೇ ಏಟು ತಿಂದಿತ್ತು, ತಿಂದದ್ದನ್ನು ಬಾಯಿಬಿಟ್ಟು ಹೇಳಿರಲಿಲ್ಲ ಅಷ್ಟೇ, ಎಂದೆ. ಅವರಿಗೆ ಎಷ್ಟು ಅರ್ಥವಾಯಿತೋ ತಿಳಿಯದು.

ಯುಗಾದಿ ಮುಗಿದ ಮರುದಿನ ಗಂಟೆ ಹೊಡೆದೆ. ಹುಡುಗಿಯರು ಸಾಲಾಗಿ ಬಂದರು. ಕೂರುವ ಮೊದಲು ಪ್ರತಿಯೊಬ್ಬಳೂ ಕಿಟಕಿಯ ಕಬ್ಬಿಣದ ಸರಳು ಮುಟ್ಟಬೇಕು ಎಂಬುದು ಟೀಚರ್ ಹಾಕಿದ ಕಾನೂನು; ನನ್ನ ಶಾಲೆಯಲ್ಲಿ ನಾನಲ್ಲದೆ ಇನ್ನೊಬ್ಬರು ಹಾಕಿದ ಮೊದಲ ಕಾನೂನು ಅದು. ಯಜಮಾನರ ಮಗಳು ಮುಂದೆ ಬಂದು ಸರಳು ಮುಟ್ಟಿ, ಭಕ್ತಿಯಿಂದ ಎರಡೂ ಕಣ್ಣಿಗೆ ಒತ್ತಿಕೊಂಡಳು.

"ಕಣ್ಣಿಗೆ ಬೇಡ ಕಣಮ್ಮ," ಎಂದರು ಟೀಚರ್. "ಮುಟ್ಟಿದ್ರೆ ಸಾಕು. ಕೂತ್ಕೋ."