ಭೂತಮ್ಮನ ಎಡೆಗೆ ಮುಳ್ಳಿನ ಮೀನು

ನಮ್ಮತ್ತೆ ಭೂತಮ್ಮ ತೀರಿಕೊಂಡ ಮೇಲೆ ಬಂದ ಮೊದಲ ಹಿರಿಯರ ಹಬ್ಬ. ಎಡೆಗೆ ಏನು ಇಡೋದು ಅಂತ ಯೋಚನೆ ಮಾಡೋ ಹಾಗೇ ಇರಲಿಲ್ಲ, ಅವರಿಗೆ ಮೀನು ಅಂದ್ರೆ ಪ್ರಾಣ. ಯಾವ ಮೀನು ಅನ್ನೋದೇ ನನ್ನ ಗಂಡ ಭೀಮರಾಜುಗೆ ಸಂಕಟ ಆಗಿತ್ತು.

ಹಂದನಕೆರೆ ನಮ್ಮೂರು. ಮನೆಯೊಳಗೆ ಮೀನು ಬೇಯಿಸೋ ಹಾಗಿರಲಿಲ್ಲ. ಹಿತ್ತಲಲ್ಲಿ ಮೂರು ಕಲ್ಲು, ಅದಕ್ಕೇ ಅಂತ ಒಂದು ಮಡಕೆ, ಉರಿಗೆ ತೆಂಗಿನ ಮಟ್ಟೆ. ಕಾಯಿ ಧಾರಾಳವಾಗಿ ಅರೆದು ಹಾಕಿ ಅತ್ತೆ ಕೆರೆಯ ಗೆಂಡೆ ಮೀನಿನ ಸಾರು ಕುದಿಸಿದ್ರೆ, ಅಯ್ಯೋ, ಆ ವಾಸನೆ ಈಗಲೂ ಮೂಗಲ್ಲೇ ಐತೆ. ಆದ್ರೆ ಗೆಂಡೆ ಅಂದ್ರೆ ಮೈಯೆಲ್ಲ ಮುಳ್ಳು, ನಮ್ಮದೋ ಮುದ್ದೆ ಊಟ. ಮುದ್ದೆನ ಯಾರು ಅಗೀತಾರೆ? ನುಂಗೋದೇ. ಒಳಗೆ ಮುಳ್ಳು ಸೇರಿಕೊಂಡ್ರೆ ನೇರ ಗಂಟಲಿಗೆ. ಅದಕ್ಕೇ ಅತ್ತೆ ಮಗನ ಪಕ್ಕ ಕೂತು, ಬೆರಳಲ್ಲಿ ತಡಕಿ ತಡಕಿ ಮುಳ್ಳು ತೆಗೆದು ಬರೀ ಮೀನು ಅವನ ತಟ್ಟೆಗೆ ಹಾಕೋರು. ಮದುವೆಯಾಗಿ ಬಂದ ಹೊಸದರಲ್ಲಿ, ಮೀಸೆ ಬಂದ ಗಂಡಸಿಗೆ ಇದೇನು ಮುದ್ದು ಅಂತ ಮೂತಿ ತಿರುವಿದ್ದೆ. ಆಮೇಲೆ ನನ್ನ ತಟ್ಟೆಗೂ ಬೀಳೋಕೆ ಶುರುವಾಯ್ತು, ಬಾಯಿ ಮುಚ್ಚಿಕೊಂಡೆ.

ಈ ಮಹರಾಯ ಕೆಲಸಕ್ಕೆ ಸೇರಿದ್ದೂ ಮೀನಿನ ಫ್ಯಾಕ್ಟರಿಗೇ, ಉಡುಪಿ ಕಡೆ. ಊರಿಗೆ ಬಂದಾಗಲೆಲ್ಲ ಅದೇ ಪುರಾಣ. ಬೋಟಿನಿಂದ ರಾಶಿ ರಾಶಿ ಬಿಳಿ ಮೀನು ಬರುತ್ತಂತೆ. ತಲೆ, ಕರುಳು ತೆಗೆದು ಮೆಷಿನ್ನಿಗೆ ಕೊಟ್ಟರೆ ಮಾಂಸ ಮಾತ್ರ ತೂತಿನ ಡ್ರಮ್ಮಿನ ಒಳಕ್ಕೆ ಹೋಗಿ, ಮುಳ್ಳು, ಚರ್ಮ ಹೊರಗೇ ಉಳಿಯುತ್ತಂತೆ. ಆ ಮಾಂಸನ ತಣ್ಣೀರಲ್ಲಿ ತೊಳೆದೂ ತೊಳೆದೂ ಜಿಡ್ಡು, ವಾಸನೆ ಎಲ್ಲ ಕಳೆದು, ಹಿಂಡಿ, ಸಕ್ಕರೆ ಬೆರೆಸಿ, ಇಟ್ಟಿಗೆ ಥರ ಐಸ್ ಕಟ್ಟಿಸ್ತಾರಂತೆ. ಅದಕ್ಕೆ ಉಪ್ಪು, ಹಿಟ್ಟು ಹಾಕಿ ನಾದಿ ಉಂಡೆ ಕಟ್ಟಿದ್ರೆ ಫಿಶ್ ಬಾಲ್, ಏಡಿ ವಾಸನೆ ಸೇರಿಸಿ ಕಡ್ಡಿ ಮಾಡಿದ್ರೆ ಏಡಿ ಕಡ್ಡಿ. ಮೀನು ಅನ್ನೋದನ್ನೇ ತೊಳೆದು ಚೆಲ್ಲಿದ ಮೇಲೆ ಏನ್ಲಾ ತಿಂತಾರೆ ಅಂತ ಅತ್ತೆ ನಗೋರು.

ಬರುಬರುತ್ತಾ ಅವರ ಕಣ್ಣು ಮಂಜಾಯ್ತು, ಬೆರಳೂ ಮರಗಟ್ಟಿದವು. ಒಂದಿನ ಅವರು ಬಿಡಿಸಿಕೊಟ್ಟ ಮೀನಲ್ಲೇ ಮುಳ್ಳು ಉಳಿದು ಮಗನ ಗಂಟಲಿಗೆ ಚುಚ್ಚಿಕೊಂಡಿತು. ಬರೀ ಮುದ್ದೆ ನುಂಗಿಸಿ ಇಳಿಸಿದ್ವಿ, ಇವರಿಗೇನೂ ಆಗಲಿಲ್ಲ. ಅತ್ತೆ ಮಾತ್ರ ಮಡಕೆ ತೊಳೆದು ಬೋರಲು ಹಾಕಿದವರು ಮತ್ತೆ ಎತ್ತಲೇ ಇಲ್ಲ. ಊಟವೂ ಕಮ್ಮಿ ಆಗ್ತಾ ಬಂತು.

ಅಮ್ಮ ಮತ್ತೆ ಮೀನು ತಿನ್ನಲಿ ಅಂತ ಇವರು ಫ್ಯಾಕ್ಟರಿ ಉಂಡೆಗಳನ್ನ ಐಸ್ ಡಬ್ಬಿಯಲ್ಲಿ ತಂದರು. ನಾನು ಕಾಯಿ ಅರೆದು ಸಾರು ಮಾಡಿದೆ. ಅತ್ತೆ ಮಗನ ಪಕ್ಕ ಕೂತು ಒಂದು ಉಂಡೆ ಮುರಿದರು, ತಡಕಿದರು, ಇನ್ನೊಂದು ಮುರಿದರು. ತಟ್ಟೆ ತುಂಬ ಪುಡಿಪುಡಿ ಆಯ್ತು.

"ಮುಳ್ಳೇ ಇಲ್ವಲ್ಲ ಕಣ್ಲಾ. ಇನ್ನು ನಾನ್ಯಾಕ್ಲಾ ಬೇಕು ನಿಂಗೆ?"

ಅತ್ತೆ ಬರೀ ಸಾರಲ್ಲಿ ಊಟ ಮುಗಿಸಿ ಎದ್ದರು. ಮುಂದಿನ ಬೇಸಿಗೆನ ಅವರು ನೋಡಲಿಲ್ಲ.

ಈಗ ಆ ಉಂಡೆ ತಿಪಟೂರಿನ ಅಂಗಡಿ ಫ್ರಿಜ್ಜಿನಲ್ಲೇ ಸಿಗುತ್ತೆ. ನಾವೂ ತಿಂತೀವಿ, ಸುಳ್ಳು ಯಾಕೆ ಹೇಳಲಿ, ಚೆನ್ನಾಗೇ ಇರುತ್ತೆ. ಎಡೆಗೂ ಇವರು ಅದೇ ಪ್ಯಾಕೆಟ್ ತಂದಿದ್ದರು. ಹಬ್ಬದ ಬೆಳಗ್ಗೆ ಅದನ್ನ ಕೈಯಲ್ಲಿ ಹಿಡಿದು ಸುಮಾರು ಹೊತ್ತು ಕೂತಿದ್ದವರು, ಎದ್ದು ಕೆರೆ ಕಡೆ ಹೋಗಿ ಗೆಂಡೆ ತಂದರು. ನಾನು ಬೋರಲು ಬಿದ್ದಿದ್ದ ಮಡಕೆ ಎತ್ತಿದೆ.

ಎಡೆ ಇಟ್ಟು, ಅತ್ತೆ ಬಂದು ಉಣ್ಣಲಿ ಅಂತ ಬಾಗಿಲು ಮುಚ್ಚಿ, ಸ್ವಲ್ಪ ಹೊತ್ತು ಬಿಟ್ಟು ತೆಗೆದು ಊಟಕ್ಕೆ ಕೂತ್ವಿ. ಇವರು ಮೀನು ಮುಟ್ಟದೆ ತಟ್ಟೆನೇ ನೋಡ್ತಿದ್ದರು. ಯಾಕೆ ಅಂದೆ.

"ಮುಳ್ಳು ಬಿಡಿಸೋಕೆ ಬರಲ್ಲ ಕಣೇ ನಂಗೆ."

ಇಷ್ಟು ವರ್ಷ ಮುಳ್ಳು ಬಿಡಿಸೋ ಮೆಷಿನ್ ನಡೆಸಿದ ಮನುಷ್ಯ! ನಗು ಬರಬೇಕಿತ್ತು, ಅಳು ಬಂತು. ನನಗೂ ಅದು ಬರೋದು ಅಷ್ಟಕ್ಕಷ್ಟೇ. ಆದರೂ ತಟ್ಟೆನ ನನ್ನ ಕಡೆ ಎಳಕೊಂಡು, ಬೆರಳಲ್ಲಿ ತಡಕೋಕೆ ಶುರು ಮಾಡಿದೆ.